ಕಿಟಕಿ ಪಕ್ಕದ ಕುರ್ಚಿ ಮತ್ತು ಕಾಣದ ಡಿಸ್ಕು

ಕಣ್ಣೆದುರಿಗೇ ಗರಗರನೆ ತಿರುಗುತ್ತಿದ್ದ ಡಿಸ್ಕನ್ನು ಹೊಸ ಕಂಪ್ಯೂಟರು 'ಅಂಥದ್ದೇನೂ ಇಲ್ಲಿಲ್ಲ' ಎಂದು ಸಾಧಿಸುತ್ತಿತ್ತು. ಗ್ರಂಥಪಾಲಕರ ಅಳಲು ಇದೊಂದೇ. ಐವತ್ತರ ಹೊಸ್ತಿಲಲ್ಲಿದ್ದ, ಊರಿನ ಗ್ರಂಥಾಲಯದಲ್ಲಿ ಒಂದೇ ಒಂದು ಪುಸ್ತಕವನ್ನೂ ತಪ್ಪು ಕಪಾಟಿಗೆ ಸೇರಿಸಿರದ ಮನುಷ್ಯನಿಗೆ ಒಂದು ಯಂತ್ರ ಇಷ್ಟು ನಿರ್ಭಿಡೆಯಿಂದ ಸುಳ್ಳು ಹೇಳುವುದೇ?

ಅದು ಬರಿಯ ಡಿಸ್ಕಾಗಿದ್ದರೆ ಅವರು ಸಹಿಸುತ್ತಿದ್ದರು. ಆದರೆ ಅದರೊಳಗೆ ಅವರ ಹತ್ತೊಂಬತ್ತು ವರ್ಷಗಳ ದಿನಚರಿ ಇತ್ತು. ಒಂದು ದಿನವೂ ತಪ್ಪಿರಲಿಲ್ಲ. ಜ್ವರ ಬಂದ ದಿನ ಜ್ವರ ಎಷ್ಟಿತ್ತೆಂದು ಬರೆದಿದ್ದರು. ಏನೂ ನಡೆಯದ ದಿನ 'ಇಂದು ಏನೂ ನಡೆಯಲಿಲ್ಲ' ಎಂದು, ಅದರ ಕಾರಣಗಳ ಸಮೇತ ಬರೆದಿದ್ದರು. ಮನೆಯಲ್ಲಿ ಯಾವ ವಾದವೆದ್ದರೂ ಅವರು ಬೆರಳೆತ್ತಿ, "ದಾಖಲೆ ಇದೆ," ಎನ್ನುತ್ತಿದ್ದರು. ಅಲ್ಲಿಗೆ ವಾದ ಮುಗಿಯುತ್ತಿತ್ತು. (ಗೆದ್ದುದರಿಂದಲ್ಲ; ಎದುರಿಗಿದ್ದವರು ಎದ್ದು ಹೋಗುತ್ತಿದ್ದುದರಿಂದ.)

ಸೋಮವಾರ ಹಳೆಯ ಕಂಪ್ಯೂಟರು ಕಣ್ಣು ಮುಚ್ಚಿತು. ರಿಪೇರಿಯವನು ಅದರ ಎದೆ ಬಗೆದು, ಡಿಸ್ಕನ್ನು ಹೊರತೆಗೆದು, ಕಿವಿಗಿಟ್ಟುಕೊಂಡು, ವೈದ್ಯನಂತೆ ತಲೆಯಾಡಿಸಿದ. "ಸಾರ್, ಇದು ಇನ್ನು ನಾಲ್ಕು ಸಲ ತಿರುಗಿದರೆ ಹೆಚ್ಚು. ಐದನೇ ಸಲಕ್ಕೆ ನಾನು ಜವಾಬ್ದಾರನಲ್ಲ. ಇದರ ಕಾಲದ ತಂತಿ ಸಿಕ್ಕಿಸೋ ಜಾಗ ಹೊಸ ಕಂಪ್ಯೂಟರಲ್ಲಿ ಇರಲ್ಲ. ಅಂಗಡೀಲಿ ಧೂಳು ತಿಂತಾ ಬಿದ್ದಿದ್ದ ಈ ಹಳೇ ಅಡಾಪ್ಟರ್ ಕಾರ್ಡು ಹಾಕಿ, ಅದಕ್ಕೆ ಡಿಸ್ಕು ಸಿಕ್ಕಿಸಿ. ಡ್ರೈವರ್ ಹಾಕೋದು ಮರೀಬೇಡಿ."

ಗ್ರಂಥಪಾಲಕರು ಮರೆಯಲಿಲ್ಲ, ಅದೇನೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಕಾರ್ಡು ಹಾಕಿದರು, ತಂತಿ ಸಿಕ್ಕಿಸಿದರು, ಗುಂಡಿ ಒತ್ತಿದರು. ಡಿಸ್ಕು ತಿರುಗಿತು, ಟಕ್ ಎಂದು ಕೆಮ್ಮಿತು. ಪರದೆಯ ಮೇಲೆ ಹಳದಿ ಗುರುತಿನೊಂದಿಗೆ 'ಅಪರಿಚಿತ ಸಾಧನ' ಎಂಬ ಎರಡು ಪದಗಳು ಬಂದವು. ನಾಲ್ಕರಲ್ಲಿ ಒಂದು ಸಲ ಹೀಗೆ ಹೋಯಿತು.

ಬುಧವಾರದ ಹೊತ್ತಿಗೆ ಅವರು ನೂರಿಪ್ಪತ್ತು ಪುಟದ ಕೈಪಿಡಿಯೊಂದನ್ನು ಅಡಿಗೆರೆ ಎಳೆದು ಓದಿ ಮುಗಿಸಿದ್ದರು. ಊಟದ ಮೇಜಿನಲ್ಲಿ ಹೆಂಡತಿಗೆ ಜ್ಞಾನದಾನ ಆರಂಭವಾಯಿತು. ಆಕೆಗೆ ಪರದೆಗಳ ಅಂಗಡಿಯಿತ್ತು. ಹಗಲೆಲ್ಲ ಬೇರೆಯವರ ಕಿಟಕಿಗಳ ಅಳತೆ ತೆಗೆದು, ಸಂಜೆ ಮನೆಯವರ ಅಳತೆ ತೆಗೆಯುವ ಹೆಂಗಸು.

"ನೋಡು, ಮೇಲೆ ಕೂತು ಕಂಪ್ಯೂಟರ್ ನಡೆಸೋ ವ್ಯವಸ್ಥೆ ಇದೆಯಲ್ಲ, ಅದು ದೊಡ್ಡ ಸಾಹೇಬ. 'ಇಂಥಾ ಜಾಗದಲ್ಲಿರೋ ಇಂಥಾ ಬರಹ ನನಗೆ ಬೇಕು' ಅಂತ ಅಪ್ಪಣೆ ಮಾಡುತ್ತೆ, ಅಷ್ಟೆ. ಯಾವ ಡಿಸ್ಕು, ಯಾವ ತಂತಿ, ಯಾರು ತಂದುಕೊಡ್ತಾರೆ, ಅದೊಂದೂ ಅದಕ್ಕೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳೋದೂ ಇಲ್ಲ."

"ನಿಮ್ಮ ಹಾಗೆ."

ಗ್ರಂಥಪಾಲಕರು ಇದನ್ನು ಕೇಳಿಸಿಕೊಳ್ಳಲಿಲ್ಲ. "ಕೆಳಗೆ ಡಿಸ್ಕು. ಅದರ ಮುಂದೆ ಅಡಾಪ್ಟರ್ ಕಾರ್ಡು ಅಂತ ಒಂದು ಬಾಗಿಲು. ಆ ಬಾಗಿಲಿಗೆ ಅದರದ್ದೇ ಹಟ. ಹೀಗೇ ತಟ್ಟಬೇಕು, ಇಷ್ಟೇ ಸಲ ತಟ್ಟಬೇಕು, ಈ ಹೊತ್ತಲ್ಲೇ ತಟ್ಟಬೇಕು. ಇಲ್ಲದಿದ್ದರೆ ಉತ್ತರವೇ ಇಲ್ಲ."

"ನಮ್ಮಪ್ಪನ ಹಾಗೆ."

"ಇವರಿಬ್ಬರ ನಡುವೆ ಡ್ರೈವರುಗಳು. ಒಬ್ಬನಲ್ಲ, ಮೂರು ಜನ, ಒಬ್ಬನ ಕೆಳಗೊಬ್ಬ. ಮೇಲಿನವನಿಗೆ ಡಿಸ್ಕು ಅಂದರೇನು ಅಂತ ಗೊತ್ತು. ಅದು ಯಾವ ಡಿಸ್ಕಾದರೂ ಅವನಿಗೆ ಒಂದೇ. ನಡುವಿನವನು ಕೋರಿಕೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಉತ್ತರ ಬಂತಾ ಅಂತ ಕಾಯ್ತಾನೆ. ತೀರಾ ಕೆಳಗಿನವನು ಚಿಕ್ಕವನು. ಆದರೆ ಈ ಒಂದು ಕಾರ್ಡಿನ ಗುಣ ಪೂರ್ತಿ ಗೊತ್ತಿರೋದು ಅವನೊಬ್ಬನಿಗೇ. ಅವನಿಲ್ಲ ಅಂದರೆ ಮೇಲಿನ ಮಾತು ಕೆಳಗೆ ಹೋಗಲ್ಲ, ಕೆಳಗಿನದು ಮೇಲೆ ಬರಲ್ಲ. ಡಿಸ್ಕು ಇದ್ದೂ ಇಲ್ಲದ ಹಾಗೆ."

ಹೆಂಡತಿ ತಟ್ಟೆಯಿಂದ ತಲೆಯೆತ್ತಿದಳು. "ಅವನಿಗೆ ರಜೆ ಇದೆಯಾ?"

"ಯಾರಿಗೆ?"

"ಆ ಚಿಕ್ಕವನಿಗೆ."

ಗ್ರಂಥಪಾಲಕರು ಕೈಪಿಡಿಯ ಪರಿವಿಡಿಯನ್ನು ನೋಡಿದರು. ಆ ವಿಷಯ ಅಲ್ಲಿರಲಿಲ್ಲ.

ಈ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಪಕ್ಕದ ಕೋಣೆಯಲ್ಲಿದ್ದ ಮಾವನವರ ಪರಿಚಯವಾಗಬೇಕು. ಅವರು ಹೆಂಡತಿಯ ತಂದೆ. ಮೂವತ್ತೆಂಟು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿ ಜನರನ್ನು ಮೇಲಕ್ಕೂ ಕೆಳಕ್ಕೂ ಕಳಿಸಿ, ನಿವೃತ್ತರಾಗಿ, ಮಗಳ ಮನೆಯಲ್ಲಿ ಹತ್ಯಾರಗಳ ಪೆಟ್ಟಿಗೆಯೊಂದಿಗೆ ನೆಲೆಸಿದ್ದರು. ಹನ್ನೊಂದು ವರ್ಷಗಳ ಹಿಂದೆ ಗ್ರಂಥಪಾಲಕರು ನಡುಮನೆಯ ಗೋಡೆಗೆ ಪುಸ್ತಕದ ಹಲಗೆಯೊಂದನ್ನು ಸ್ವಹಸ್ತದಿಂದ ಜಡಿದರು. "ಈ ಗೋಡೆಗೆ ಆ ಮೊಳೆ ಸಾಲದು," ಎಂದರು ಮಾವನವರು. "ಪುಸ್ತಕದ ಭಾರ ನನಗೆ ಗೊತ್ತು," ಎಂದರು ಅಳಿಯಂದಿರು. ಗೋಡೆಗೆ ಗೊತ್ತಿರಲಿಲ್ಲ. ಮೂರನೆಯ ದಿನ ವಿಶ್ವಕೋಶದ ಹದಿನಾಲ್ಕು ಸಂಪುಟಗಳು ಮಾವನವರು ತಮ್ಮ ಕೈಯಾರೆ ಜೋಡಿಸಿದ್ದ ರೇಡಿಯೋದ ಮೇಲೆ ಬಿದ್ದವು. "ಪುಸ್ತಕ ಓದಿ ಮೊಳೆ ಹೊಡೆದರೆ ಹೀಗೇ," ಎಂದು ಮಾವನವರು ಅಕ್ಕಪಕ್ಕದವರೆಲ್ಲ ಕೇಳುವಂತೆ ಹೇಳಿಬಿಟ್ಟರು.

ಅಂದಿನಿಂದ ಅವರಿಬ್ಬರ ನಡುವೆ ನೇರ ಮಾತಿಲ್ಲ. ಜಗಳವೂ ಇಲ್ಲ. "ಅವರಿಗೆ ಹೇಳು" ಎಂದು ಇತ್ತಲಿಂದ, "ನಿನ್ನ ಗಂಡನಿಗೆ ಹೇಳು" ಎಂದು ಅತ್ತಲಿಂದ. ರಾಯಭಾರವೆಲ್ಲ ಹೆಂಡತಿಯದು. ಮಾವನವರು ಏಳಕ್ಕೆ ಉಣ್ಣುತ್ತಿದ್ದರು, ಗ್ರಂಥಪಾಲಕರು ಎಂಟಕ್ಕೆ. ನಡುವಿನ ಒಂದು ಗಂಟೆ ಶಾಂತಿಪಾಲನೆಗೆ ಮೀಸಲು.

ಆದರೂ ಗ್ರಂಥಪಾಲಕರಿಗೆ ಮಾವನವರ ಮೇಲೆ ಕಹಿಯಿರಲಿಲ್ಲ. ಏಕೆಂದರೆ ಆ ವಾರದಲ್ಲೇ ಹೆಂಡತಿ ಬಂದು, "ಅಪ್ಪ ತುಂಬ ನೊಂದುಕೊಂಡಿದ್ದಾರೆ, ತಪ್ಪಾಯ್ತು ಅಂದ್ರು. ಕಿಟಕಿ ಪಕ್ಕದ ತಮ್ಮ ಕುರ್ಚಿ ಇನ್ನು ಮೇಲೆ ನಿಮ್ಮದಂತೆ," ಎಂದಿದ್ದಳು. ಎಂಥ ಕುರ್ಚಿ ಅದು! ತೋಳು ಅಗಲ, ಬೆನ್ನಿಗೆ ಸರಿಯಾದ ಬಾಗು, ಎಡಗಡೆಯಿಂದ ಬೆಳಕು. ಹನ್ನೊಂದು ವರ್ಷಗಳ ದಿನಚರಿ ಅದರಲ್ಲೇ ರೂಪುಗೊಂಡಿತ್ತು.

ಶುಕ್ರವಾರ ಹೆಂಡತಿ ಪಕ್ಕದ ಊರಿಗೆ ಹೊರಟಳು. ಅಲ್ಲೊಂದು ಹೊಸ ಹೋಟೆಲಿನ ನಲವತ್ತು ಕಿಟಕಿಗಳಿಗೆ ಪರದೆ ಹಾಕಬೇಕಾಗಿತ್ತು. "ಎರಡೇ ದಿನ," ಎಂದಳು. "ಅಪ್ಪನಿಗೆ ಹೇಳಿದ್ದೀನಿ, ನಿಮ್ಮ ಕಂಪ್ಯೂಟರ್ ಡಬ್ಬ ನೋಡ್ತಾರೆ."

"ಏನಂದ್ರು?"

"ಸಂತೋಷದಿಂದ ಅಂದ್ರು. ನಿಮ್ಮ ದಿನಚರಿ ಉಳಿಯಲೇಬೇಕಂತೆ."

ಗ್ರಂಥಾಲಯಕ್ಕೆ ರಜೆಯಿದ್ದ ಶನಿವಾರ ಬೆಳಗ್ಗೆ ಶಸ್ತ್ರಚಿಕಿತ್ಸೆಯ ಏರ್ಪಾಡಾಯಿತು. ಚಿಕ್ಕ ಡ್ರೈವರನ್ನು ಇಳಿಸಿಕೊಳ್ಳಲು ಕಾರ್ಡಿನ ಮೇಲಿನ ಚಿಪ್ಪಿನ ಸಂಖ್ಯೆ ಬೇಕಾಗಿತ್ತು; ಸಂಖ್ಯೆಯೊಂದು ಹೆಚ್ಚು ಕಡಿಮೆಯಾದರೆ ಬೇರೆ ಯಾವುದೋ ಕಾರ್ಡಿನ ಡ್ರೈವರ್ ಬರುತ್ತದೆ. ಅಕ್ಷರಗಳು ಇರುವೆಯ ಕಾಲಿನಷ್ಟು. ಅದನ್ನು ಓದಲು ಭೂತಗನ್ನಡಿ ಹಿಡಿದ ಮಾವನವರೇ ಆಗಬೇಕು. ಅವರಿಗೆ ಏಕಾಂತ ಒದಗಿಸಲು ಗ್ರಂಥಪಾಲಕರು ಅಡುಗೆಮನೆಗೆ ಹೋಗಿ, ಫೋನು ಹಿಡಿದು ನಿಂತರು. ಮಾವನವರು ಮೇಜಿನಡಿ ನುಸುಳಿ, ಟಾರ್ಚು ಬಿಟ್ಟು, ಸಂಖ್ಯೆ ಓದಿ, ಹದಿನೈದು ಹೆಜ್ಜೆ ಆಚೆ ನಿಂತಿದ್ದ ಅಳಿಯನಿಗೆ ತಿಳಿಸಲು ಪಕ್ಕದ ಊರಿನಲ್ಲಿ ಏಣಿಯ ಮೇಲಿದ್ದ ಮಗಳಿಗೆ ಫೋನು ಮಾಡಿದರು. ಮಗಳು ಅಲ್ಲಿಂದ ಗಂಡನಿಗೆ ಮಾಡಿದಳು.

"ರೀ, ಬರ್ಕೊಳ್ಳಿ. ಎರಡು, ಸೊನ್ನೆ, ಎಂಟು."

"ಖಚಿತವಾಗಿ ಎಂಟಾ?"

"ಎಂಟು ಅಂತಾರೆ. ನಿಮಗೆ ಒಳ್ಳೇದಾಗಲಿ ಅಂತಾನೂ ಅಂದ್ರು."

ಗ್ರಂಥಪಾಲಕರು ಬಂದು ಕಂಪ್ಯೂಟರ್ ಮುಂದೆ ಕುಳಿತರು. ಮಾವನವರು ಅಷ್ಟರಲ್ಲಿ ತಮ್ಮ ಕೋಣೆಗೆ ಸರಿದಿದ್ದರು. ಎಂಟರ ಡ್ರೈವರ್ ಇಳಿಯಿತು, ಕುಳಿತುಕೊಂಡಿತು. ಗುಂಡಿ. ಗರಗರ. ಟಕ್. 'ಸಾಧನವನ್ನು ಆರಂಭಿಸಲಾಗಲಿಲ್ಲ.' ಎರಡನೆಯ ಸಲವೂ ಹೋಯಿತು.

ಹತ್ತೊಂಬತ್ತು ವರ್ಷಗಳ ಕೊರಳಿಗೆ ಕೈ ಬಿದ್ದಿರುವಾಗ ಯಾವ ಮನುಷ್ಯನಿಗೆ ಶಿಷ್ಟಾಚಾರ ನೆನಪಿರುತ್ತದೆ? ಗ್ರಂಥಪಾಲಕರು ಮಾವನವರ ಕೋಣೆಗೆ ನುಗ್ಗಿದರು. "ಎಂಟು ಅಂತ ನೀವೇ ಹೇಳಿದ್ರಲ್ಲ!"

ಹನ್ನೊಂದು ವರ್ಷಗಳಲ್ಲಿ ಅದು ಮೊದಲ ನೇರ ವಾಕ್ಯ. ಇಬ್ಬರೂ ಬೆಚ್ಚಿದರು.

"ನಾನೆಲ್ಲಿ ಹೇಳಿದೆ? 'ಆರೋ ಎಂಟೋ ಗೊತ್ತಾಗ್ತಿಲ್ಲ, ಮೂರು ಜನ್ಮಕ್ಕಾಗುವಷ್ಟು ಧೂಳು ಕೂರಿಸಿದ್ದಾನೆ ನಿನ್ನ ಗಂಡ' ಅಂದೆ."

"ಒಳ್ಳೇದಾಗಲಿ ಅಂದಿರಂತೆ?"

"ನಾನಾ?" ಎಂದು ಮಾವನವರು ಸುತ್ತ ನೋಡಿದರು, ಕೋಣೆಯಲ್ಲಿ ಇನ್ಯಾರಾದರೂ ಇದ್ದಾರೇನೋ ಎಂಬಂತೆ.

ಇಬ್ಬರೂ ಒಂದೇ ಸಲ ಫೋನು ಕೈಗೆತ್ತಿಕೊಂಡರು. ಆಕೆಯ ಫೋನು ಮೊದಲು ಕಾರ್ಯನಿರತವಾಗಿತ್ತು. ಆಮೇಲೆ ಒಂದು ಸಂದೇಶ ಬಂತು, ಇಬ್ಬರಿಗೂ ಒಂದೇ: 'ಹದಿನೇಳನೇ ಕಿಟಕಿಯಲ್ಲಿದ್ದೇನೆ. ಚಿಕ್ಕವನಿಗೆ ಇವತ್ತು ರಜೆ.' ಆಮೇಲೆ ಫೋನು ಸ್ವಿಚ್ ಆಫ್.

ದಾರಿಯಿಲ್ಲದೆ ಇಬ್ಬರೂ ಮೇಜಿನಡಿ ಸೇರಿದರು. ಮಾವನವರು ಚಿಪ್ಪಿನ ಧೂಳು ಊದಿ, ಒರೆಸಿ, ಗ್ರಂಥಪಾಲಕರಿಂದ ಟಾರ್ಚು ಹಿಡಿಸಿದರು. "ಆರು." ಗ್ರಂಥಪಾಲಕರೂ ಇಣುಕಿ ದೃಢೀಕರಿಸಿದರು: ಆರು. ಆರರ ಡ್ರೈವರ್ ಬಂತು. ಗುಂಡಿ ಒತ್ತುತ್ತಲೇ ಹಳದಿ ಗುರುತು ಮಾಯವಾಗಿ ಕಾರ್ಡಿನ ಹೆಸರು ಹೊಳೆಯಿತು. ಡಿಸ್ಕು ಮಾತ್ರ ಒಮ್ಮೆ ಕಂಡು ಮರೆಯಾಯಿತು. ಮಾವನವರು ತಂತಿ ಅಲುಗಾಡಿಸಿ ನೋಡಿದರು. "ಕೊಂಡಿ ಮುರಿದಿದೆ. ಸಿಕ್ಕಿಸುವಾಗ ಯಾರೋ ಗುದ್ದಿದ್ದಾರೆ."

ಯಾರೋ ಎಂಬವರು ಕೆಮ್ಮಿದರು.

"ಇನ್ನೊಂದೇ ಸಲ ಬಾಕಿ," ಎಂದರು ಗ್ರಂಥಪಾಲಕರು.

ಮಾವನವರು ಅಳಿಯನ ಮುಖವನ್ನು ಟಾರ್ಚಿನ ಬೆಳಕಿನಲ್ಲಿ ನೋಡಿದರು. ಏನನ್ನಿಸಿತೋ, ದಿಂಬೊಂದನ್ನು ತಂದು ಮೇಜಿನ ಪಕ್ಕ ಹಾಕಿ, ಅದರ ಮೇಲೆ ಕುಳಿತು, ತಂತಿಯನ್ನು ತಮ್ಮ ಹೆಬ್ಬೆರಳಿನಿಂದ ಒತ್ತಿ ಹಿಡಿದರು. "ನಾನು ಹಿಡ್ಕೋತೀನಿ. ಎಷ್ಟು ಹೊತ್ತು?"

"ನಲವತ್ತು ನಿಮಿಷ."

"ಆರನೇ ಮಹಡಿ ಲಿಫ್ಟನ್ನ ಒಂದು ಗಂಟೆ ಹಿಡಿದಿದ್ದೀನಿ. ಒತ್ತಿ ಗುಂಡಿ."

ಗರಗರ. ಟಕ್ ಇಲ್ಲ. ಡಿಸ್ಕು ಕಂಡಿತು! ಹತ್ತೊಂಬತ್ತು ವರ್ಷಗಳೂ ಸಾಲಾಗಿ, ತಿಂಗಳ ಪ್ರಕಾರ. ಗ್ರಂಥಪಾಲಕರ ಕಣ್ಣು ತೇವವಾಯಿತು. ನಕಲು ಆರಂಭವಾಗಿ ಶೇಕಡಾ ಒಂದು ಎಂದಿತು, ಎರಡು ಎಂದಿತು. ಮಾವನವರು ಏಳುವಂತಿಲ್ಲ, ಅಳಿಯಂದಿರು ಕದಲುವಂತಿಲ್ಲ.

"ಏನಿದೆ ಅದರಲ್ಲಿ ಅಷ್ಟೊಂದು?" ಎಂದರು ಮಾವನವರು ಶೇಕಡಾ ಹನ್ನೊಂದರಲ್ಲಿ.

ಹತ್ತೊಂಬತ್ತು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಕಲಾಗಿ ಬಂದ ಪುಟಗಳನ್ನು ಗ್ರಂಥಪಾಲಕರು ಉತ್ಸಾಹದಿಂದ ತೆರೆದು ಓದತೊಡಗಿದರು. "'ಗ್ರಂಥಾಲಯದಲ್ಲಿ ನಾನು ಮಾಡಿದ ಭಾಷಣದ ವರದಿಯನ್ನು ಮಾವನವರು ಪತ್ರಿಕೆಯಲ್ಲಿ ಓದಿ ಹೆಮ್ಮೆಪಟ್ಟರು.'"

"ಆ ಪತ್ರಿಕೇಲಿ ಮೊಳೆ ಸುತ್ತಿಟ್ಟಿದ್ದೆ. ನನಗೆ ಮೊಣಕಾಲು ನೋವು ಬಂದಿತ್ತಲ್ಲ, ಆ ವಾರದ್ದು ಓದಿ. ನೀವು ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ ಅಂತ ಮಗಳು ಹೇಳಿದಳು. ಅದಕ್ಕೇ ನಿಮ್ಮ ಚಪ್ಪಲಿ ಕಿತ್ತುಹೋದಾಗ ನಾನೇ ಹೊಲಿದುಕೊಟ್ಟೆ."

ಗ್ರಂಥಪಾಲಕರು ಪುಟ ತೆರೆದರು. 'ಹವೆ ತಂಪು. ಗಾಢ ನಿದ್ರೆ,' ಎಂದಿತ್ತು. ಅವರು ಪುಟವನ್ನು ಮುಚ್ಚಿ, "ಅದಿನ್ನೂ ನಕಲಾಗಿಲ್ಲ," ಎಂದರು.

ಶೇಕಡಾ ಎಪ್ಪತ್ತೊಂದು.

"ನನ್ನ ರೇಡಿಯೋ ಸತ್ತ ವಾರ ಬಂತಾ?"

ಬಂದಿತ್ತು. ತಮ್ಮ ಔದಾರ್ಯಕ್ಕೆ ಸಾಕ್ಷಿಯಾದ ಪುಟವೆಂದು ಗ್ರಂಥಪಾಲಕರು ಗಂಟಲು ಸರಿಪಡಿಸಿಕೊಂಡು ಗಟ್ಟಿಯಾಗಿಯೇ ಓದಿದರು. "'ಮಾವನವರು ಇಂದು ಮಗಳ ಮೂಲಕ ಕ್ಷಮೆ ಯಾಚಿಸಿದರು. ಪಶ್ಚಾತ್ತಾಪದ ಕುರುಹಾಗಿ ತಮ್ಮ ಕುರ್ಚಿಯನ್ನು ಬಿಟ್ಟುಕೊಟ್ಟರು. ವಯಸ್ಸಾದವರು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.'"

ಮಾವನವರು ಹೆಬ್ಬೆರಳು ಬಿಡದೆಯೇ ಕತ್ತೆತ್ತಿದರು.

"ಯಾರು ಕೇಳಿದ್ದು ಕ್ಷಮೆ?"

"ನೀವು."

"ನೀವು ಕೇಳಿದಿರಿ! 'ಅಪ್ಪಾ, ಅವರು ಅತ್ತುಬಿಟ್ರು, ರೇಡಿಯೋ ಒಡೆದೆ ಅಂತ ಊಟ ಬಿಟ್ಟಿದ್ದಾರೆ' ಅಂದಳು. ಹೋಗಲಿ, ಕುರ್ಚಿ ಕೊಡು ಅಂದೆ."

"ನಾನು ಅಳಲಿಲ್ಲ."

"ಊಟ?"

ಗ್ರಂಥಪಾಲಕರು ಅರಿಯದೆ ಪರದೆಯತ್ತ ನೋಡಿದರು. ಊಟದ ವಿವರ ಮುಂದಿನ ಸಾಲಿನಲ್ಲೇ ಇತ್ತು, ಎರಡನೆಯ ಸಲ ಬಡಿಸಿಕೊಂಡ ಮಾಹಿತಿಯ ಸಮೇತ.

"ಹಾಗಾದ್ರೆ," ಎಂದರು ಮಾವನವರು ಬಲು ಶಾಂತವಾಗಿ, "ಆ ಕುರ್ಚಿ ಯಾರದು?"

"ಮಾವ, ಅದನ್ನ ಆಮೇಲೆ—"

"ಹೆಬ್ಬೆರಳು ಯಾಕೋ ಜೋಮು ಹಿಡಿದಂಗಿದೆ."

ಶೇಕಡಾ ಎಪ್ಪತ್ತಮೂರು. ತಂತಿ ಕೂದಲೆಳೆಯಷ್ಟು ಅಲುಗಿತು. ಪರದೆಯ ಮೇಲಿನ ಹಸಿರು ಪಟ್ಟಿ ನಿಂತಿತು. ಗ್ರಂಥಪಾಲಕರ ಉಸಿರೂ ಜೊತೆಗೆ ನಿಂತಿತು.

"ನಿಮ್ಮದು ಮಾವ! ಕುರ್ಚಿ ನಿಮ್ಮದೇ! ಯಾವತ್ತೂ ನಿಮ್ಮದೇ!"

ಹಸಿರು ಪಟ್ಟಿ ಮತ್ತೆ ಹರಿಯಿತು. ಶೇಕಡಾ ನೂರು ಆದಮೇಲೆ ಡಿಸ್ಕು ಒಂದು ಸಲ, ಟಕ್ ಎಂದು, ಸಾರ್ಥಕವಾಗಿ ಪ್ರಾಣ ಬಿಟ್ಟಿತು. ದಿನಚರಿ ಪೂರ್ತಿ ಉಳಿದಿತ್ತು. ಗ್ರಂಥಪಾಲಕರು ಕೃತಜ್ಞತೆ ಹೇಳಲು ತಿರುಗಿದಾಗ ಮಾವನವರು ಆಗಲೇ ಕಿಟಕಿಯ ಪಕ್ಕ ಕುಳಿತು ಕಾಲು ಚಾಚಿದ್ದರು.

ಆ ಸಂಜೆ ಗ್ರಂಥಪಾಲಕರು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು 'ಮಾವನವರು ಹೇಳಿದರು' ಎಂಬುದನ್ನು ದಿನಚರಿಯಲ್ಲಿ ಹುಡುಕಿಸಿದರು. ಸಾವಿರದ ನಾನೂರ ಹನ್ನೆರಡು ಕಡೆ ಸಿಕ್ಕಿತು. ಯಾವುದನ್ನು ಮಾವನವರು ಹೇಳಿದ್ದರು, ಯಾವುದನ್ನು ಹೆಂಡತಿ ಹೇಳಿದ್ದಳು? ಊರಿಗೇ ಪ್ರಮಾಣವೆಂದು ತಾವು ನಂಬಿದ್ದ ದಾಖಲೆಯ ಅರ್ಧದಷ್ಟು, ಪರದೆ ಹೊಲಿಯುವ ಹೆಂಗಸೊಬ್ಬಳ ಕೈಚಳಕವೆಂದು ಗೊತ್ತಾದಾಗ ಅವರು ನೀರು ಕುಡಿದರು.

ಭಾನುವಾರ ನೇರ ಸಂಪರ್ಕದ ಮೊದಲ ಪೂರ್ಣ ದಿನ. ಅಳಿಯಂದಿರು ಮಾಡಿದ ಬೆಳಗಿನ ಕಾಫಿ ಪಾತ್ರೆ ತೊಳೆದ ನೀರಿನಂತಿದೆಯೆಂದು ಮಾವನವರು ಬೆಳಗ್ಗೆ ಏಳಕ್ಕೆ ತಿಳಿಸಿದರು. ಬಚ್ಚಲಿನಲ್ಲಿ ಅವರು ಗುನುಗುವುದು ಸವೆದ ಲಿಫ್ಟಿನ ಸದ್ದನ್ನು ನೆನಪಿಸುತ್ತದೆಯೆಂದು ಎಂಟಕ್ಕೆ. ಹನ್ನೊಂದು ವರ್ಷಗಳಿಂದ ಹೇಳುತ್ತ ಬಂದಿದ್ದೆನಲ್ಲ, ಮಗಳು ಹೇಳಲಿಲ್ಲವೇ ಎಂದು ಒಂಬತ್ತಕ್ಕೆ. ("ನಿಮ್ಮ ಹಾಡು ಅಪ್ಪನಿಗೆ ಕೆಲಸದ ದಿನಗಳನ್ನ ನೆನಪಿಸುತ್ತಂತೆ," ಎಂದು ಆಕೆ ಹೇಳಿದ್ದಳು. ದಿನಚರಿಯಲ್ಲಿ ಇದೆ.) ಮಧ್ಯಾಹ್ನದ ಹೊತ್ತಿಗೆ ಗ್ರಂಥಪಾಲಕರು ಬಾಗಿಲ ಕಡೆಗೇ ನೋಡುತ್ತಿದ್ದರು.

ಸಂಜೆ ಹೆಂಡತಿ ಬಂದಳು. ಅಪ್ಪ ಕುರ್ಚಿಯಲ್ಲಿ, ಗಂಡ ಸ್ಟೂಲಿನಲ್ಲಿ. ಅಳತೆ ತೆಗೆಯಲು ಆಕೆಗೆ ಒಂದು ನೋಟ ಸಾಕಾಯಿತು.

"ಹನ್ನೊಂದು ವರ್ಷ ಸುಳ್ಳು ಹೇಳಿದ್ದೀಯ," ಎಂದರು ಗ್ರಂಥಪಾಲಕರು. "ದಾಖಲೆ ಇದೆ."

"ಯಾವುದ್ರೀ ಸುಳ್ಳು? ಅವತ್ತು ನೀವಿಬ್ಬರೂ ಕ್ಷಮೆ ಕೇಳಬೇಕಾಗಿತ್ತು. ಇಬ್ಬರಿಗೂ ಬಾಯಿ ಬರಲಿಲ್ಲ. ನಾನು ಕೇಳಿದೆ. ಮೇಲಿನವರಿಗೆ ಕೆಳಗಿನವರ ಹಟ ಗೊತ್ತಾಗಬೇಕಾಗಿಲ್ಲ ಅಂತ ಬುಧವಾರ ನೀವೇ ತಾನೆ ಪಾಠ ಮಾಡಿದ್ದು?" ಆಕೆ ಚೀಲ ಕೆಳಗಿಟ್ಟಳು. "ಈಗ ನೇರವಾಗೇ ಮಾತಾಡ್ತಿದ್ದೀರಲ್ಲ. ಒಳ್ಳೇದೇ ಆಯ್ತು. ನನಗೂ ಬಿಡುವು."

ಗ್ರಂಥಪಾಲಕರು ಮಾವನವರತ್ತ ನೋಡಿದರು. ಮಾವನವರು ಇನ್ನೇನನ್ನೋ ತಿಳಿಸಲು ಬಾಯಿ ತೆರೆಯುತ್ತಿದ್ದರು.

"ಅವರಿಗೆ ಹೇಳು," ಎಂದರು ಗ್ರಂಥಪಾಲಕರು ಅವಸರದಿಂದ.

ಹೆಂಡತಿ ನಗಲಿಲ್ಲ; ಆಕೆಯ ದೊಡ್ಡಗುಣ. "ಏನು ಹೇಳಲಿ?"

"ರೇಡಿಯೋ ವಿಷಯದಲ್ಲಿ ತಪ್ಪು ನನ್ನದೇ ಅಂತ ಹೇಳು. ಮತ್ತೆ... ಕುರ್ಚಿ."

ಮಾವನವರು ಮೂರು ಮಾರು ದೂರದಲ್ಲಿದ್ದರು. ಎಲ್ಲವೂ ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು. "ನಿನ್ನ ಗಂಡನಿಗೆ ಹೇಳು," ಎಂದರು ಅವರು ಕಿಟಕಿಯತ್ತ ಮುಖ ಮಾಡಿ, "ನಾನು ಇದರಿಂದ ಏಳೋದು ನಾಲ್ಕು ಜನ ಎತ್ತಿದ ಮೇಲೇ ಅಂತ."

ಅದೂ ಗ್ರಂಥಪಾಲಕರಿಗೆ ಸ್ಪಷ್ಟವಾಗಿ ಕೇಳಿಸಿತು. ಹೆಂಡತಿ ಗಂಡನತ್ತ ತಿರುಗಿದಳು. "ಕ್ಷಮೆಯ ಮಾತೇ ಬೇಡ ಅಂದ್ರು, ಅದನ್ನ ಆಗಲೇ ಮರೆತಿದ್ದಾರಂತೆ. ಕುರ್ಚಿ ಇಬ್ಬರಿಗೂ ಸಮಪಾಲು. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆವರೆಗೆ, ಪೂರ್ತಿ ಎಂಟು ಗಂಟೆ, ನಿಮ್ಮದು. ಬಾಕಿ ಹೊತ್ತು ಅವರದು."

ಮಾವನವರು ಬಾಯಿ ತೆರೆದು, ಗಡಿಯಾರ ನೋಡಿ, ಏನನ್ನೋ ಲೆಕ್ಕ ಹಾಕಿ, ಬಾಯಿ ಮುಚ್ಚಿಕೊಂಡರು. ಅವರ ಮುಖದಲ್ಲಿ ಅಪಾರ ಔದಾರ್ಯ ನೆಲೆಸಿತು.

ಗ್ರಂಥಪಾಲಕರು ಸ್ಟೂಲಿನ ಮೇಲೆ ದಿನಚರಿ ತೆರೆದರು. ಮಾವನವರು ಹೇಳಿದ್ದನ್ನು ಬರೆಯುವುದೇ, ಹೆಂಡತಿ ಹೇಳಿದ್ದನ್ನು ಬರೆಯುವುದೇ? ಕೈಬೆರಳುಗಳು ಕೀಲಿಗಳ ಮೇಲೆ ಒಂದು ಕ್ಷಣ ತಡೆದವು. ಬಳಿಕ ಅವರು ನೆಮ್ಮದಿಯಿಂದ ಬರೆದರು: 'ಮಾವನವರು ಇಂದು ದೊಡ್ಡ ಮನಸ್ಸು ಮಾಡಿ, ದಿನಕ್ಕೆ ಎಂಟು ಗಂಟೆಗಳ ಕಾಲ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು.' ಎರಡು ನಕಲು ಮಾಡಿಟ್ಟು, ಹಗುರಾಗಿ ಮಲಗಿದರು.

ಮರುದಿನ ಬೆಳಗ್ಗೆ ಒಂಬತ್ತು ಗಂಟೆ ಮೂವತ್ತೈದು ನಿಮಿಷಕ್ಕೆ, ಸಂಜೆ ಐದೂವರೆಗೆ ಮುಚ್ಚುವ ಗ್ರಂಥಾಲಯದ ಮೇಜಿನ ಹಿಂದೆ ಕುಳಿತು ಅಂದಿನ ಮೊದಲ ಪುಸ್ತಕಕ್ಕೆ ಮೊಹರು ಒತ್ತಲು ಎತ್ತಿದ ಅವರ ಕೈ ಗಾಳಿಯಲ್ಲೇ ನಿಂತಿತು.